ಆರಿಸಬಾರದ ಪೆಟ್ಟಿಗೆ

ನಮ್ಮ ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ದಿನಕ್ಕೆ ಎರಡು ಸಲ ಚಹಾ ಬರುತ್ತದೆ. ಚಹಾದ ಹಿಂದೆಯೇ ಹಳೇ ಕಾಲವೂ ಬರುತ್ತದೆ. ಚಹಾ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಹಳೇ ಕಾಲ ಮುಗಿಯುವುದಿಲ್ಲ.

ಮೊದಲು ಬಾಯಿ ತೆಗೆಯುವವರು ಫ್ಲಾಪಿ ರಾಯರು. ಇಡೀ ಊರಿನ ನಲ್ಲಿಗಳ ಪಟ್ಟಿಯನ್ನು ನಲವತ್ತೊಂದು ಫ್ಲಾಪಿಗಳಿಗೆ ತುಂಬಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತು ಮುಖ್ಯ ಕಚೇರಿಗೆ ತಲುಪಿಸಿದವರು ಅವರು. ಅಲ್ಲಿ ಮೂವತ್ತೊಂಬತ್ತನೆಯ ಫ್ಲಾಪಿ ಕೈಕೊಟ್ಟಿತಂತೆ, ರಾಯರು ಅದೇ ಬಸ್ಸಿನಲ್ಲಿ ವಾಪಸ್ ಬಂದು ಮೊದಲಿಂದ ತುಂಬಿದರಂತೆ. ಇದನ್ನು ನಾನು ಕಡಿಮೆ ಎಂದರೆ ಮುನ್ನೂರು ಸಲ ಕೇಳಿದ್ದೇನೆ. ಇತ್ತೀಚೆಗೆ ಆ ಬಸ್ಸಿನಲ್ಲಿ ಸೀಟೂ ಸಿಗುತ್ತಿಲ್ಲ, ರಾಯರು ನಿಂತೇ ಹೋಗುತ್ತಿದ್ದಾರೆ.

ಅವರಾದ ಮೇಲೆ ಮೋಡೆಮ್ ಮಾಮ. ಟೆಲಿಫೋನ್ ತಂತಿಯ ಮೇಲೆ ಇಂಟರ್‌ನೆಟ್ ಬರುತ್ತಿದ್ದ ದಿನಗಳಲ್ಲಿ ಮೋಡೆಮ್ ಹೇಗೆ ಕಿರುಚುತ್ತಿತ್ತು ಎಂಬುದನ್ನು ಅವನು ಬಾಯಲ್ಲಿ ಮಾಡಿ ತೋರಿಸುತ್ತಾನೆ. ಮೊದಲು ಕೀ, ಆಮೇಲೆ ಕುಯ್, ಆಮೇಲೆ ಗಂಟಲಿನ ಒಳಗಿಂದ ಖರ್ರ್. ಆ ಹೊತ್ತಿಗೆ ಪಕ್ಕದ ವಿಭಾಗದವರು ಎದ್ದು ಬಾಗಿಲು ಹಾಕಿಕೊಳ್ಳುತ್ತಾರೆ.

ಮೂರನೆಯವನು ನಾನು. ನನ್ನ ಪಾಲಿಗೆ ಹೇಳಿಕೊಳ್ಳಲು ಏನೂ ಇರಲಿಲ್ಲ. ಆ ಮಹಾ ಕಾಲದಲ್ಲಿ ನನ್ನ ಕೆಲಸ ಪ್ರಿಂಟರುಗಳ ರಿಬ್ಬನ್ ಬದಲಾಯಿಸುವುದಾಗಿತ್ತು. ದಿನವಿಡೀ ಬೆರಳುಗಳು ಕಪ್ಪಾಗಿರುತ್ತಿದ್ದವು, ಮದುವೆಯ ಫೋಟೋದಲ್ಲೂ ಕಪ್ಪಾಗಿವೆ. ರಿಬ್ಬನ್ನಿನ ಪ್ರಿಂಟರ್ ಹೋಗಿ ಎಷ್ಟೋ ವರ್ಷವಾದರೂ ಕಚೇರಿಯಲ್ಲಿ ನನ್ನ ಹೆಸರು ರಿಬ್ಬನ್ ಎಂದೇ ಉಳಿದಿದೆ.

ಹೀಗಿರುವಾಗ ನಮ್ಮ ಕಚೇರಿಯನ್ನು ಹೊಸ ಕಟ್ಟಡಕ್ಕೆ ಸಾಗಿಸುವ ಆದೇಶ ಬಂತು, ಆದೇಶದ ಜೊತೆ ಹೊಸ ಮುಖ್ಯಾಧಿಕಾರಿ ಮೇಡಂ ಬಂದರು. ಹೊಸ ಕಟ್ಟಡ ಚಿಕ್ಕದು. ಮೇಜು ಕುರ್ಚಿಗಳ ಪಟ್ಟಿ ಮಾಡಿದ ಹಾಗೇ ಮನುಷ್ಯರ ಪಟ್ಟಿಯನ್ನೂ ಮಾಡಬೇಕಿತ್ತು. ಒಂದು ಪಟ್ಟಿಯ ಹೆಸರು ಅಗತ್ಯ, ಇನ್ನೊಂದರ ಹೆಸರು ಹೆಚ್ಚುವರಿ. ಹೆಚ್ಚುವರಿ ಪಟ್ಟಿಯಲ್ಲಿ ನನ್ನದು ಮೂರನೇ ಹೆಸರು ಎಂದು ಟೈಪಿಸ್ಟಮ್ಮ ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದರು. ನನಗೆ ಇನ್ನೂ ಆರು ವರ್ಷ ಸರ್ವೀಸಿತ್ತು, ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಐವತ್ತನಾಲ್ಕರ ವಯಸ್ಸಿನಲ್ಲಿ ನನಗೆ ರಿಬ್ಬನ್ ಬದಲಾಯಿಸಲು ಬರುತ್ತದೆ ಎಂದು ಅರ್ಜಿ ಹಾಕಿದರೆ ಯಾರು ಕರೆಯುತ್ತಾರೆ? ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಚಹಾದ ಹೊತ್ತಿಗೆ ಮೇಡಂ ಸರ್ವರ್ ಕೋಣೆಗೆ ಬಂದರು. ನಾವೆಲ್ಲ ಲೋಟ ಹಿಡಿದೇ ಅವರ ಹಿಂದೆ ನಡೆದೆವು. ಮೇಡಂ ಒಂದೊಂದೇ ಯಂತ್ರ ತೋರಿಸಿ ಇದೇನು, ಅದೇನು ಎಂದು ಕೇಳುತ್ತಾ ಹೋದರು. ಮೂಲೆಗೆ ಬಂದಾಗ ನಿಂತರು.

ಮೂಲೆಯಲ್ಲಿ ಒಂದು ಉಕ್ಕಿನ ಪೆಟ್ಟಿಗೆ ಇತ್ತು. ಒಂದು ಸೂಟ್‌ಕೇಸಿನಷ್ಟು ದೊಡ್ಡದು, ಒಂದು ಹಸಿರು ದೀಪ, ಒಳಗೆ ಗುಂಯ್ ಎನ್ನುವ ಫ್ಯಾನು. ಹಿಂದಿನ ಕಾಲದಲ್ಲಿ ಕಂಪ್ಯೂಟರುಗಳ ತಂತಿಗಳನ್ನೆಲ್ಲ ಒಂದೆಡೆ ಸೇರಿಸುತ್ತಿದ್ದ ಹಬ್ ಅದು. ಈಗ ಅದರಿಂದ ಹೊರಡುತ್ತಿದ್ದದ್ದು ಒಂದೇ ತಂತಿ, ಅದು ಗೋಡೆಯ ತೂತಿನೊಳಗೆ ಹೋಗಿ ಎಲ್ಲಿಗೆ ಹೋಯಿತೋ ಯಾರೂ ನೋಡಿದವರಿಲ್ಲ. ಪೆಟ್ಟಿಗೆಯ ಮೇಲೆ, ಅಂಚಿನಲ್ಲಿ ಸಾಲಾಗಿ ತೂತುಗಳಿದ್ದ ಹಳದಿಗಟ್ಟಿದ ಕಾಗದದ ಮೇಲೆ, ದಪ್ಪ ಅಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: ಇದನ್ನು ಯಾವ ಕಾರಣಕ್ಕೂ ಆರಿಸಬಾರದು. ಆರಿಸಿದಲ್ಲಿ ಮುಂದಿನ ಪರಿಣಾಮಕ್ಕೆ ಆರಿಸಿದವರೇ ಹೊಣೆ.

"ಇದನ್ನ ಆರಿಸಿದ್ರೆ ಏನಾಗುತ್ತೆ?" ಎಂದರು ಮೇಡಂ.

ಫ್ಲಾಪಿ ರಾಯರು ಗಂಟಲು ಸರಿಮಾಡಿಕೊಂಡರು. "ಮೇಡಂ, ನಾನು ಶಾಖೆಯಿಂದ ಇಲ್ಲಿಗೆ ಬಂದಾಗ್ಲೇ ಇದು ಉರೀತಿತ್ತು. ನನಗಿಂತ ಮುಂಚೆ ಇದ್ದವ್ರು ಬಂದಾಗ್ಲೂ ಉರೀತಿತ್ತಂತೆ."

"ಅದಲ್ಲ ಕೇಳಿದ್ದು. ಆರಿಸಿದ್ರೆ ಏನಾಗುತ್ತೆ?"

"ಯಾರೂ ಆರಿಸಿ ನೋಡಿಲ್ಲ ಮೇಡಂ. ನಾಲ್ಕು ಪಂಪ್‌ಹೌಸುಗಳ ಹತೋಟಿಯೆಲ್ಲ ಈ ಕೋಣೆಯಿಂದಲೇ ನಡೆಯೋದು. ಆರಿಸಿ ಊರಿಗೆ ನೀರು ನಿಂತುಹೋದ್ರೆ, ಆರಿಸಿದವನ ಹೆಸರೇ ತಾನೇ ಮೊದ್ಲು ಬರೋದು?"

ಇದು ಕಂಪ್ಯೂಟರ್ ವಿಭಾಗಗಳಲ್ಲಿ ಎಲ್ಲ ಕಡೆ ಇರುವ ನಿಯಮ. ಉರಿಯುತ್ತಿರುವ ಯಂತ್ರಕ್ಕೆ ಯಾರೂ ಹೊಣೆಯಲ್ಲ, ಆರಿದ ಯಂತ್ರಕ್ಕೆ ಕೊನೆಗೆ ಕೈ ಇಟ್ಟವನೇ ಹೊಣೆ.

ಮೇಡಂ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದರು. ನನ್ನ ಬಾಯಿ ಆಗ ನನ್ನನ್ನು ಕೇಳಲಿಲ್ಲ. "ಮೇಡಂ, ಆ ಚೀಟಿ ಬರೆದವನೇ ನಾನು" ಎಂದಿತು.

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು.

"ನೀವು? ಹಾಗಾದ್ರೆ ನಿಮಗೆ ಗೊತ್ತಿರಬೇಕಲ್ಲ, ಯಾಕೆ ಆರಿಸಬಾರದು ಅಂತ?"

"ಒಂದು ಸಲ ಆರಿಸಿದ್ರು ಮೇಡಂ. ಅವತ್ತು ಏನಾಯ್ತು ಅನ್ನೋದು ನನಗೊಬ್ಬನಿಗೇ ಗೊತ್ತು. ಅದಕ್ಕೇ ಬರೆದು ಅಂಟಿಸಿದೆ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಓದುಗರಿಂದ ಯಾಕೆ ಮುಚ್ಚಿಡಲಿ, ವಿಷಯ ಇಷ್ಟು: ಇಪ್ಪತ್ತೆರಡು ವರ್ಷದ ಹಿಂದೆ ತಂತಿ ಸೇರಿಸಲು ಹೊಸ ಯಂತ್ರಗಳು ಬಂದು ಆ ಹಬ್ಬಿಗೆ ಕೆಲಸವಿಲ್ಲದಂತಾಯಿತು. ಆದರೆ ಅದರ ನೆತ್ತಿ ಇಸ್ತ್ರಿಪೆಟ್ಟಿಗೆಯ ಹಾಗೆ ಬೆಚ್ಚಗಿರುತ್ತಿತ್ತು. ನಾನು ಬೆಳಿಗ್ಗೆ ಬಂದವನು ಊಟದ ಡಬ್ಬಿಯನ್ನು ಅದರ ಮೇಲಿಡುತ್ತಿದ್ದೆ. ಮಧ್ಯಾಹ್ನ ತೆಗೆದರೆ ಆಗತಾನೇ ಒಲೆಯಿಂದ ಇಳಿಸಿದ ಹಾಗಿರುತ್ತಿತ್ತು. ಒಂದು ದಿನ ಕಚೇರಿಯ ಜವಾನ, ಸುಮ್ಮನೆ ಯಾಕೆ ಉರಿಯಬೇಕು ಎಂದು ಅದನ್ನು ಆರಿಸಿದ. ಅವತ್ತು ತಣ್ಣಗಿನ ಊಟ ಮಾಡಿದವನು ನಾನೊಬ್ಬನೇ. ಸಂಜೆಯೇ ಪ್ರಿಂಟರಿಗೆ ಹೊಸ ರಿಬ್ಬನ್ ಹಾಕಿ, ದಪ್ಪ ಅಕ್ಷರದಲ್ಲಿ ಆ ಚೀಟಿ ಅಚ್ಚು ತೆಗೆದು ಅಂಟಿಸಿದೆ. ಎರಡು ವರ್ಷದ ನಂತರ ಊಟದ ಕೋಣೆಗೆ ಮೈಕ್ರೋವೇವ್ ಬಂತು. ನಾನು ಡಬ್ಬಿಯನ್ನು ಅಲ್ಲಿಗೆ ಒಯ್ದೆ, ಚೀಟಿಯನ್ನು ಮರೆತೆ.

ಮೇಡಂ ಪೆನ್ನು ತೆಗೆದು, ಹೆಚ್ಚುವರಿ ಪಟ್ಟಿಯ ಮೂರನೇ ಹೆಸರಿನ ಮೇಲೆ ಗೆರೆ ಎಳೆದರು. "ಇಂಥ ವಿಷಯ ಗೊತ್ತಿರೋರು ಒಬ್ರಾದ್ರೂ ಇದ್ದೀರಲ್ಲ" ಎಂದರು. ಫ್ಲಾಪಿ ರಾಯರ ಮುಖ ಸಣ್ಣದಾಯಿತು. ಅವರ ನಲವತ್ತೊಂದು ಫ್ಲಾಪಿಗಳೂ ಒಂದೇ ಏಟಿಗೆ ಮೂಲೆ ಸೇರಿದ್ದವು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಊಟದ ಡಬ್ಬಿ ಇಡ್ತಿದ್ರಲ್ಲ, ಅದೇ ಪೆಟ್ಟಿಗೆನಾ?"

"ಅದೇ."

"ನಾಳೆನೇ ಹೋಗಿ ಹೇಳ್ಬಿಡಿ. ಇದು ಇಲ್ಲಿಗೇ ನಿಲ್ಲಲ್ಲ."

"ಹೇಳಿದ್ರೆ ಮೂರನೇ ಹೆಸರು ಮತ್ತೆ ಹತ್ತುತ್ತೆ."

ಅವಳು ಮತ್ತೆ ಬಟ್ಟೆ ಮಡಚತೊಡಗಿದಳು. ಪಕ್ಕದ ಕೋಣೆಯಲ್ಲಿದ್ದ ಅತ್ತೆಗೆ ನಾವು ಆಡಿದ್ದರಲ್ಲಿ ಕೇಳಿಸಿದ್ದು ಅರ್ಧ, ಅವರು ಕಿಟಕಿಯಿಂದ ಎದುರುಮನೆಗೆ ದಾಟಿಸಿದ್ದು ಒಂದೂವರೆ. ಊರಿನ ನೀರೆಲ್ಲ ಒಂದು ಪೆಟ್ಟಿಗೆಯಿಂದ ಬರುತ್ತದೆ, ಆ ಪೆಟ್ಟಿಗೆ ಹೇಗೆ ನಡೆಯುತ್ತದೆ ಎಂಬುದು ಇಡೀ ಊರಿನಲ್ಲಿ ಗೊತ್ತಿರುವುದು ನಮ್ಮ ಅಳಿಯನಿಗೆ ಮಾತ್ರ, ಎಂದು. ಎಂಟು ದಿನದಲ್ಲಿ ನನಗೆ ಬೀದಿಯಲ್ಲಿ ನಡೆಯುವುದು ಕಷ್ಟವಾಯಿತು. ಇಷ್ಟು ವರ್ಷ ಮುಖ ಕೊಟ್ಟು ಮಾತಾಡದ ಎದುರುಮನೆ ಟೈಲರ್ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಓಡಿ ಬಂದ.

"ಸಾರ್, ನಮ್ಮನೆ ನಲ್ಲೀಲಿ ನೀರು ಸಣ್ಣಗೆ ಬರ್ತಿದೆ. ಆ ಪೆಟ್ಟಿಗೇಲಿ ಸ್ವಲ್ಪ ನಮ್ಮ ಕಡೆ ತಿರುಗಿಸೋಕಾಗುತ್ತಾ ನೋಡಿ."

"ಅದು ಹಾಗೆ ತಿರುಗಿಸೋದಲ್ಲಪ್ಪ."

"ಗೊತ್ತು ಬಿಡಿ ಸಾರ್, ನೀವು ಬಾಯಿ ಬಿಡೋಹಾಗಿಲ್ಲ" ಎಂದು ಕಣ್ಣು ಮಿಟುಕಿಸಿ ಹೋದ. ಮೇಲಿನ ಮನೆ ಮೇಷ್ಟ್ರು ಅವತ್ತಿನಿಂದ ನಾನು ಎದುರಾದಾಗಲೆಲ್ಲ ಎದ್ದು ನಿಲ್ಲತೊಡಗಿದರು. ಮಗಳು ಮಾತ್ರ ಊಟಕ್ಕೆ ಕೂತಾಗ ಕೇಳಿದಳು, "ಅಪ್ಪಾ, ಹಬ್ಬಿಗೂ ನೀರಿಗೂ ಏನು ಸಂಬಂಧ?" ನೀನು ಓದಿಕೋ ಎಂದು ಗದರಿಸಿದೆ. ಅವಳು ಕಾಲೇಜಿನಲ್ಲಿ ಓದುತ್ತಿದ್ದದ್ದು ಕಂಪ್ಯೂಟರನ್ನೇ.

ಕಚೇರಿಯಲ್ಲಿ ಪೆಟ್ಟಿಗೆಯ ಸಾಗಾಟಕ್ಕೆಂದೇ ಸಮಿತಿಯಾಯಿತು. ಮೊದಲ ಸಭೆಯಲ್ಲಿ, ಪೆಟ್ಟಿಗೆಯನ್ನು ಒಂದು ಕ್ಷಣವೂ ಆರಿಸದೆ ಸಾಗಿಸತಕ್ಕದ್ದು ಎಂದು ತೀರ್ಮಾನವಾಯಿತು. ಎರಡನೇ ಸಭೆಯಲ್ಲಿ, ವ್ಯಾನಿನಲ್ಲಿ ಹಾಕಿದರೆ ಕುಲುಕುತ್ತದೆ, ಆದ್ದರಿಂದ ತಳ್ಳುಗಾಡಿಯಲ್ಲಿ ಕೈಯಿಂದಲೇ ತಳ್ಳಿಕೊಂಡು ಹೋಗತಕ್ಕದ್ದು ಎಂದಾಯಿತು. ಮೂರನೇ ಸಭೆಯಲ್ಲಿ ಮೋಡೆಮ್ ಮಾಮ ಕೈ ಎತ್ತಿದ.

"ಅದರ ತಂತಿ ಗೋಡೆಯೊಳಗೆ ಹೋಗಿದೆಯಲ್ಲ, ಅದನ್ನೇನ್ಮಾಡೋದು?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಕೊಂಚ ಯೋಚಿಸುವವನ ಹಾಗೆ ಮಾಡಿ, "ತಂತಿ ಕತ್ತರಿಸಬಹುದು" ಎಂದೆ.

"ಏನೂ ತೊಂದ್ರೆ ಆಗಲ್ವಾ?"

"ತಂತಿಯಿಂದ ಆಗಲ್ಲ."

ಎಲ್ಲರೂ ಬರೆದುಕೊಂಡರು. ಹಬ್ಬಿನಿಂದ ತಂತಿ ಕತ್ತರಿಸಿದ ಮೇಲೆ ಅದು ಬರೀ ಬಿಸಿ ಡಬ್ಬ ಎಂದು ಹೇಳಬಲ್ಲ ಕಂಪ್ಯೂಟರ್ ತಜ್ಞರು ಆ ಮೇಜಿನ ಸುತ್ತ ಒಂಬತ್ತು ಜನ ಕೂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ, ಬಾಯಿ ಬಿಟ್ಟವರಿಗೆ ಆರಿಸುವ ಕೆಲಸ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು.

ಇನ್ನು ಉಳಿದದ್ದು ವಿದ್ಯುತ್ತು. ಅದನ್ನು ನಮ್ಮ ಕಚೇರಿಯ ಎಲೆಕ್ಟ್ರಿಷಿಯನ್ ವಹಿಸಿಕೊಂಡ. ಅವನು ಸಾಧು ಮನುಷ್ಯ, ಮಾತು ಕಡಿಮೆ, ಹೇಳಿದ ಕೆಲಸಕ್ಕೆ ಇಲ್ಲ ಎಂದವನಲ್ಲ. ಕರೆಂಟು ಹೋದಾಗ ಕಂಪ್ಯೂಟರುಗಳನ್ನು ಕಾಪಾಡುವ ಯುಪಿಎಸ್ ಒಂದಕ್ಕೆ ಪೆಟ್ಟಿಗೆಯ ವೈರ್ ಮೊದಲಿಂದಲೂ ಸೇರಿತ್ತು; ಅದನ್ನು ಹಾಗೇ ತಳ್ಳುಗಾಡಿಯ ಕೆಳಗಿನ ಹಲಗೆಯ ಮೇಲಿಟ್ಟ, ಮೇಲಿನ ಹಲಗೆಯ ಮೇಲೆ ಪೆಟ್ಟಿಗೆ ಇಟ್ಟ.

"ನಲವತ್ತು ನಿಮಿಷ ತಡಿಯುತ್ತೆ ಸಾರ್. ದಾರಿ ಒಂದೂವರೆ ಕಿಲೋಮೀಟರ್. ನಿಲ್ಲದೆ ನಡೆದ್ರೆ ಇಪ್ಪತ್ತೈದೇ ನಿಮಿಷ" ಎಂದ.

ಸಾಗಾಟ ಭಾನುವಾರ ಬೆಳಿಗ್ಗೆ ಹತ್ತಕ್ಕೆಂದು ನಿಗದಿಯಾಯಿತು. ಗುಟ್ಟಾಗಿಡಿ ಎಂದು ಮೇಡಂ ಹೇಳಿದ್ದರು. ನಾನು ಹೆಂಡತಿಗೆ ಮಾತ್ರ ಹೇಳಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಎಚ್ಚರವಾದಾಗ ಬೀದಿಯಲ್ಲಿ ಪಾತ್ರೆಗಳ ಸದ್ದು. ಎದ್ದು ನೋಡಿದರೆ ಮನೆ ಮನೆಯಲ್ಲೂ ನಲ್ಲಿ ಬಿಟ್ಟಿದ್ದಾರೆ. ಬಕೆಟ್ಟು, ಕೊಡ, ಡ್ರಮ್ಮು, ಪ್ರೆಷರ್ ಕುಕ್ಕರು, ಟೈಲರನ ಮನೆಯಲ್ಲಿ ಮಗುವಿನ ತೊಟ್ಟಿಲನ್ನು ಬಿಟ್ಟು ಮಿಕ್ಕೆಲ್ಲ ತುಂಬಿತ್ತು. ಮೇಷ್ಟ್ರು ಮೆಟ್ಟಿಲ ಮೇಲೆ ಸಾಲಾಗಿ ಲೋಟಗಳನ್ನು ಜೋಡಿಸುತ್ತಿದ್ದರು. ಒಳಗೆ ಬಂದರೆ ನಮ್ಮ ಅಡುಗೆಮನೆಯಲ್ಲೂ ಕಾಲಿಡಲು ಜಾಗವಿಲ್ಲ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ದೊಡ್ಡ ಪಾತ್ರೆಗೆ ನೀರು ಹಿಡಿಯುತ್ತಿದ್ದಳು.

"ನಿನಗೆ ಗೊತ್ತಲ್ಲೇ, ಅದು ಊಟದ ಡಬ್ಬಿ ಇಡೋ ಪೆಟ್ಟಿಗೆ ಅಂತ."

"ಗೊತ್ತು."

"ಮತ್ತೆ?"

"ಬೀದಿಯವ್ರೆಲ್ಲ ತುಂಬಿಸ್ತಿದ್ದಾರೆ. ನಾನೊಬ್ಬಳೇ ಸುಮ್ನಿದ್ರೆ ಹೇಗೆ? ಸ್ವಲ್ಪ ಪಕ್ಕಕ್ಕೆ ಸರೀರಿ."

ಹತ್ತು ಗಂಟೆಗೆ ಮೆರವಣಿಗೆ ಹೊರಟಿತು. ಮುಂದೆ ಮೇಡಂ, ಹಿಂದೆ ತಳ್ಳುಗಾಡಿ ತಳ್ಳುತ್ತ ಎಲೆಕ್ಟ್ರಿಷಿಯನ್, ಗಾಡಿಯ ಎಡಕ್ಕೆ ಬಟ್ಟೆ ಹೊದಿಸಿದ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ನಾನು. ಕೈ ಯಾಕೆ ಇಡಬೇಕು ಎಂದು ನನಗೂ ಗೊತ್ತಿರಲಿಲ್ಲ, ಸಮಿತಿ ಹಾಗೆ ಬರೆದಿತ್ತು. ಫ್ಲಾಪಿ ರಾಯರು ಗಡಿಯಾರ ನೋಡುತ್ತ ನಿಮಿಷ ಕೂಗುತ್ತಿದ್ದರು. ಕತ್ತರಿಸಿದ ತಂತಿಯ ತುದಿ ನೆಲಕ್ಕೆ ತಾಕದಿರಲಿ ಎಂದು ಮೋಡೆಮ್ ಮಾಮ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡು ಹಿಂದೆ ಬರುತ್ತಿದ್ದ.

ಆರನೇ ನಿಮಿಷಕ್ಕೆ ಫುಟ್‌ಪಾತಿನ ಕಲ್ಲು ಎದ್ದಿದ್ದ ಕಡೆ ಗಾಡಿ ನಿಂತಿತು. ನಾಲ್ಕು ಜನ ಎತ್ತಿ ದಾಟಿಸಿದೆವು. ಹನ್ನೊಂದನೇ ನಿಮಿಷಕ್ಕೆ ಚೌಕದಲ್ಲಿ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಿಡಿದ.

"ಏನ್ರಿ ಇದು, ರಸ್ತೆ ಮಧ್ಯೆ?"

"ಕಂಪ್ಯೂಟರ್ ಸಲಕರಣೆ. ನಿಲ್ಲಿಸೋ ಹಾಗಿಲ್ಲ" ಎಂದರು ಮೇಡಂ.

"ನಿಲ್ಲಿಸೋ ಹಾಗಿಲ್ಲ ಅಂದ್ರೆ? ರಸ್ತೇಲಿ ಎಲ್ಲಾನೂ ನಿಲ್ಲಿಸೋದಕ್ಕೇ ನಾನಿರೋದು. ತೆಗೀರಿ ಮೇಲಿನ ಬಟ್ಟೆ."

ಅವನು ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ ಸರಿದು, ಇದು ಸಿಡಿಯುತ್ತಾ ಎಂದು ಮೆಲ್ಲಗೆ ಕೇಳಿದ. ಇಲ್ಲ ಎಂದೆವು. ಅವನಿಗೆ ನಂಬಿಕೆ ಬರಲಿಲ್ಲ. ನಾಲ್ಕೂ ಕಡೆಯ ವಾಹನ ನಿಲ್ಲಿಸಿ, ಮೇಲಧಿಕಾರಿಗೆ ಫೋನ್ ಮಾಡಿ, ಆ ಕಡೆಯಿಂದ ಉತ್ತರ ಬರುವವರೆಗೆ ನಮ್ಮನ್ನು ಚೌಕದ ನಡುವೆ ನಿಲ್ಲಿಸಿದ. ಹಾರ್ನುಗಳ ಸದ್ದಿಗೆ ಕಿವಿ ಕಿತ್ತುಹೋಗುತ್ತಿತ್ತು. ರಾಯರು ಹದಿನೆಂಟು ಎಂದರು, ಇಪ್ಪತ್ತೆರಡು ಎಂದರು, ಇಪ್ಪತ್ತೇಳು ಎಂದರು. ಆ ಹೊತ್ತಿಗೆ ಯುಪಿಎಸ್ ಕುಂಯ್ ಎಂದು ಕೂಗಲು ಸುರುಮಾಡಿತು. ಹಳೆಯ ಬ್ಯಾಟರಿ, ನಲವತ್ತರ ಮಾತು ಕಾಗದದ ಮೇಲಷ್ಟೇ.

"ಓಡಿ" ಎಂದರು ಮೇಡಂ.

ಪೊಲೀಸು ಫೋನ್ ಹಿಡಿದು ನೋಡುತ್ತಿರುವಾಗಲೇ ನಾವು ಗಾಡಿ ತಳ್ಳಿಕೊಂಡು ಓಡಿದೆವು. ಹೊಸ ಕಟ್ಟಡದ ಗೇಟು ಕಣ್ಣಿಗೆ ಬೀಳುತ್ತಿತ್ತು, ಮುನ್ನೂರು ಹೆಜ್ಜೆಯೂ ಇರಲಿಲ್ಲ. ಎಲೆಕ್ಟ್ರಿಷಿಯನ್ನನ ಕಾಲು ಜೋತು ಬಿದ್ದ ವೈರಿಗೆ ಸಿಕ್ಕಿಕೊಂಡಿತು. ಅವನು ಮುಗ್ಗರಿಸಿದ, ಪ್ಲಗ್ಗು ಕಿತ್ತು ಬಂತು. ಗುಂಯ್ ನಿಂತಿತು, ಹಸಿರು ದೀಪ ಆರಿತು.

ಎಲ್ಲರೂ ಪೆಟ್ಟಿಗೆಯ ಮೇಲೆ ಬಗ್ಗಿದರು. ನನಗೊಬ್ಬನಿಗೆ ಮಾತ್ರ ಒಳಗೊಳಗೇ ನಿರಾಳವಾಯಿತು. ಏನೂ ಆಗುವುದಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಕಟ್ಟಡದ ಮೂರನೇ ಮಹಡಿಯ ಕಿಟಕಿ ತೆರೆಯಿತು. ಮುಖಕ್ಕೆಲ್ಲ ಸೋಪಿನ ನೊರೆ ಹಚ್ಚಿಕೊಂಡ ಒಬ್ಬ ಮನುಷ್ಯ ತಲೆ ಹೊರಗೆ ಹಾಕಿ, "ನೀರು ನಿಂತೋಯ್ತು" ಎಂದು ಕೂಗಿದ. ಎದುರಿನ ಮಹಡಿಯಿಂದ ಇನ್ನೊಬ್ಬರು, "ನಮ್ಮಲ್ಲೂ" ಎಂದರು.

ಎಲೆಕ್ಟ್ರಿಷಿಯನ್ ರಸ್ತೆಯಲ್ಲೇ ಕುಸಿದು ಕೂತು, ಎರಡು ಕೈಯಲ್ಲಿ ತಲೆ ಹಿಡಿದುಕೊಂಡ.

ಪೆಟ್ಟಿಗೆಯನ್ನು ಹೊತ್ತು ಒಯ್ದು ಹೊಸ ಕಟ್ಟಡದ ಸರ್ವರ್ ಕೋಣೆಯಲ್ಲಿ ಪ್ಲಗ್ಗಿಗೆ ಹಾಕಿದೆವು. ದೀಪ ಹತ್ತಿತು, ನಲ್ಲಿ ಹತ್ತಲಿಲ್ಲ. ಮೇಡಂ ಒಂದೇ ಸಮನೆ ಫೋನಿನಲ್ಲಿದ್ದರು. ಮೂರನೇ ಪಂಪ್‌ಹೌಸಿನ ಆಪರೇಟರ್ ನನ್ನ ಫೋನಿಗೆ ಕರೆ ಮಾಡಿ ರೇಗಾಡಿದ.

"ಬೆಳಿಗ್ಗೆ ಐದರಿಂದ ಊರಿಗೆ ಊರೇ ನಲ್ಲಿ ಬಿಟ್ಟು ಕೂತಿದೆ ಮಾರಾಯರೇ. ಟ್ಯಾಂಕಿನ ತಳ ಕಾಣ್ತಿದೆ. ಪಂಪು ಸರಿಯಾಗೇ ಓಡ್ತಿದೆ, ತುಂಬೋಕೆ ಸಂಜೆ ಆಗುತ್ತೆ."

ನಾನು ಇದನ್ನು ಮೇಡಂಗೆ ಹೇಳಿದೆ, ರಾಯರಿಗೆ ಹೇಳಿದೆ, ಮಾಮನಿಗೂ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ಟ್ಯಾಂಕು ತುಂಬಿ ನಲ್ಲಿಯಲ್ಲಿ ನೀರು ಬಂದಾಗ ಎಲ್ಲರೂ ಪೆಟ್ಟಿಗೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಬಿಸಿಯಾಗೋಕೆ ಹೊತ್ತು ಬೇಕಾಯ್ತು" ಎಂದರು ರಾಯರು, ದೊಡ್ಡ ತಜ್ಞರ ಹಾಗೆ.

ನಮ್ಮ ಬೀದಿಯಲ್ಲಿ ಅಂದು ನನಗೆ ಸಿಕ್ಕ ಮರ್ಯಾದೆ ಹೇಳತೀರದು. ತುಂಬಿಸಿಟ್ಟುಕೊಂಡವರೆಲ್ಲ ತಮ್ಮ ಬುದ್ಧಿವಂತಿಕೆಯನ್ನು ತಾವೇ ಮೆಚ್ಚಿಕೊಂಡು ಕೂತಿದ್ದರು. ನೋಡಿದ್ಯಾ, ನಮ್ಮ ಅಳಿಯ ಮೊದಲೇ ಹೇಳಿರಲಿಲ್ವಾ ಎಂದು ಅತ್ತೆ ಕಿಟಕಿಯಿಂದ ಕಿಟಕಿಗೆ ಹೋದರು. ನಾನು ಊಟ ಬಿಟ್ಟು ಮಲಗಿದೆ, ನಿದ್ದೆ ಹತ್ತಿರ ಸುಳಿಯಲಿಲ್ಲ.

ಸೋಮವಾರ ಹೊಸ ಕಟ್ಟಡದ ಕಚೇರಿಗೆ ಹೋದಾಗ ಟೈಪಿಸ್ಟಮ್ಮ ಮೆಮೊ ಟೈಪ್ ಮಾಡುತ್ತಿದ್ದರು. ನಾನು ಅವರ ಭುಜದ ಹಿಂದಿನಿಂದ ಓದಿದೆ. ಅಜಾಗರೂಕತೆಯಿಂದ ಪ್ಲಗ್ಗು ಕಿತ್ತು ಇಡೀ ಊರಿನ ನೀರು ಸರಬರಾಜನ್ನು ಏಳು ಗಂಟೆ ಕಾಲ ನಿಲ್ಲಿಸಿದ ಕಾರಣಕ್ಕೆ ಎಲೆಕ್ಟ್ರಿಷಿಯನ್ ಅಮಾನತು. ಅವನು ಮೇಡಂ ಕೋಣೆಯ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದ. ಅಂಗಿಯ ಜೇಬಿನಲ್ಲಿ ಇಕ್ಕಳ ಹಾಗೇ ಇತ್ತು, ತೆಗೆದಿಡಲು ತೋಚಿರಲಿಲ್ಲ.

"ಸಾರ್, ನಿಮ್ಮ ಚೀಟಿ ಓದಿಯೂ ಹೀಗ್ಮಾಡ್ಬಿಟ್ಟೆ. ನಿಮಗೂ ಕೆಟ್ಟ ಹೆಸರು ತಂದೆ" ಎಂದ.

ನನಗೆ ನಾಚಿಕೆಯಾಯಿತು. ನಾಚಿಕೆ ಅಂದರೆ ಬರೀ ಮಾತಿಗಲ್ಲ, ಕಿವಿ ಸುಟ್ಟುಹೋಗುವಂಥ ನಾಚಿಕೆ. ಮೇಡಂ ಕೋಣೆಯ ಬಾಗಿಲು ತಟ್ಟದೇ ಒಳಗೆ ಹೋದೆ. ಅವನನ್ನೂ ಕೈ ಹಿಡಿದು ಎಳೆದುಕೊಂಡು ಹೋದೆ.

"ಮೇಡಂ, ಅವನ ತಪ್ಪಿಲ್ಲ. ಆ ಪೆಟ್ಟಿಗೆ ಏನೂ ಮಾಡಲ್ಲ. ಇಪ್ಪತ್ತೆರಡು ವರ್ಷದಿಂದ ಏನೂ ಮಾಡಿಲ್ಲ. ನನ್ನ ಊಟದ ಡಬ್ಬಿ ಬೆಚ್ಚಗಿರಲಿ ಅಂತ ಆ ಚೀಟಿ ಅಂಟಿಸಿದ್ದೆ."

ಮೇಡಂ ಕನ್ನಡಕ ತೆಗೆದರು. ಎಲೆಕ್ಟ್ರಿಷಿಯನ್ ನನ್ನ ತೋಳು ಹಿಡಿದ. "ಸಾರ್, ನನಗೋಸ್ಕರ ಸುಳ್ಳು ಹೇಳ್ಬೇಡಿ" ಎಂದ. ಅವನ ಕಣ್ಣು ತುಂಬಿತ್ತು.

"ಸುಳ್ಳಲ್ಲಪ್ಪ. ಸುಳ್ಳು ಹೇಳೋಕೆ ನನಗೆ ಬೇರೆ ಏನಾದ್ರೂ ಸಿಗ್ತಿರಲಿಲ್ವಾ? ಊಟದ ಡಬ್ಬಿ ಅಂತ ಯಾರಾದ್ರೂ ಮರ್ಯಾದೆ ಇರೋರು ಹೇಳ್ತಾರಾ?"

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಎದ್ದರು. "ಎಲ್ರೂ ಸರ್ವರ್ ಕೋಣೆಗೆ ಬನ್ನಿ. ನೀವೇ ಆರಿಸಿ. ನೀರು ನಿಲ್ಲದಿದ್ರೆ ಮೆಮೊ ಹರಿದುಹಾಕ್ತೀನಿ. ಆದ್ರೆ ಆಗ ನಿಮ್ಮ ಹುದ್ದೆಗೆ ಏನು ಕೆಲಸ ಅಂತ ನೀವೇ ಹೇಳ್ಬೇಕಾಗುತ್ತೆ."

ಸರ್ವರ್ ಕೋಣೆಯ ಎದುರಿಗೇ ಕೈ ತೊಳೆಯುವ ನಲ್ಲಿ ಇತ್ತು. ಮಾಮ ಅದನ್ನು ಪೂರ್ತಿ ಬಿಟ್ಟು, ಒಂದು ಬೆರಳು ನೀರಿನೊಳಗೆ ಇಟ್ಟುಕೊಂಡು ನಿಂತ. ರಾಯರು ಎರಡು ಕೈಯಲ್ಲಿ ಎರಡು ಫೋನು ಹಿಡಿದು ಪಂಪ್‌ಹೌಸುಗಳ ಜೊತೆ ಮಾತಿನಲ್ಲಿದ್ದರು. ನಾನು ಪೆಟ್ಟಿಗೆಯ ಮುಂದೆ ಬಗ್ಗಿದೆ. ಆ ಚೀಟಿಯ ಒಂದೊಂದು ಅಕ್ಷರವೂ ನನ್ನದೇ, ಆ ರಿಬ್ಬನ್ ಹಾಕಿದ್ದೂ ನಾನೇ. ಆದರೂ ಸ್ವಿಚ್ಚಿನ ಮೇಲೆ ಬೆರಳಿಟ್ಟವನಿಗೆ ಒತ್ತಲು ಆಗಲಿಲ್ಲ. ನಿನ್ನೆ ಆರಿದ ಕೂಡಲೇ ಕಿಟಕಿ ತೆರೆದ ಸೋಪಿನ ಮುಖ ಕಣ್ಣ ಮುಂದೆ ಬಂತು. ಟ್ಯಾಂಕಿನ ಲೆಕ್ಕ ನನಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ.

"ಏನಾಯ್ತು?" ಎಂದರು ಮೇಡಂ.

ಹಿಂದೆ ಎಲೆಕ್ಟ್ರಿಷಿಯನ್ನನ ಉಸಿರಾಟ ಕೇಳಿಸುತ್ತಿತ್ತು. ಕಣ್ಣು ಮುಚ್ಚಿ ಒತ್ತಿದೆ.

ಗುಂಯ್ ನಿಂತಿತು. ಮಾಮ ಬೆರಳು ತೆಗೆಯಲಿಲ್ಲ. ನೀರು ಸುರಿಯುತ್ತಲೇ ಇತ್ತು. ರಾಯರು ಒಂದು ಫೋನಿಗೆ ಓಡ್ತಿದೆಯಾ ಎಂದರು, ಇನ್ನೊಂದಕ್ಕೆ ಓಡ್ತಿದೆಯಾ ಎಂದರು. ಹತ್ತು ನಿಮಿಷ ಹಾಗೇ ನಿಂತೆವು. ಎಲ್ಲ ಪಂಪುಗಳೂ ಓಡುತ್ತಿದ್ದವು. ಕೊನೆಗೆ ಮೇಡಂ ತಾವೇ ಹೋಗಿ ನಲ್ಲಿ ನಿಲ್ಲಿಸಿದರು, ಮೆಮೊ ತರಿಸಿ ನಾಲ್ಕು ತುಂಡು ಮಾಡಿದರು. ಎಲೆಕ್ಟ್ರಿಷಿಯನ್ ಗೋಡೆಗೆ ಒರಗಿ ಅತ್ತುಬಿಟ್ಟ. ಮೇಡಂ ಸರ್ವರ್ ಕೋಣೆಗೆ ಬೀಗ ಹಾಕಿ, ಇದ್ದ ಒಂದೇ ಕೀಲಿಯನ್ನು ತಮ್ಮ ಕೈಚೀಲದಲ್ಲಿ ಹಾಕಿಕೊಂಡರು.

"ನಿಮ್ಮ ವಿಷಯ ನಾಳೆ" ಎಂದು ನನಗೆ ಹೇಳಿ ಹೋದರು.

ಮನೆಗೆ ಬಂದು ಎಲ್ಲ ಹೇಳಿದೆ. ಹೆಂಡತಿ ನನ್ನ ಪಕ್ಕ ಕೂತು, "ಒಳ್ಳೇದಾಯ್ತು. ಹೇಗೋ ಆಗುತ್ತೆ ಬಿಡಿ" ಎಂದಳು. ಸ್ವಲ್ಪ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿ ಬಂದಳು. ಆಮೇಲೆ ಇನ್ನೊಂದು ಸಲ ಹೋದಳು.

ಮರುದಿನ ಎಲ್ಲರಿಗಿಂತ ಮುಂಚೆ ಕಚೇರಿಗೆ ಹೋದೆ. ಮೇಜಿನ ಖಾನೆ ಖಾಲಿ ಮಾಡುವಾಗ ಯಾರೂ ನೋಡದಿರಲಿ ಎಂಬ ಆಸೆ. ಸರ್ವರ್ ಕೋಣೆಯ ಗಾಜಿನ ಬಾಗಿಲು ದಾಟುವಾಗ ಒಳಗಿಂದ ಗುಂಯ್ ಎನ್ನುವ ಸದ್ದು ಕೇಳಿಸಿತು. ಬಗ್ಗಿ ನೋಡಿದೆ. ಹಸಿರು ದೀಪ ಉರಿಯುತ್ತಿತ್ತು, ಬಾಗಿಲಿಗೆ ಬೀಗ ಹಾಕಿದ್ದು ಹಾಗೇ ಇತ್ತು.

ಮೇಡಂ ಆಗಲೇ ಬಂದು ತಮ್ಮ ಕೋಣೆಯಲ್ಲಿ ಕೂತಿದ್ದರು. ನನ್ನನ್ನು ಕರೆದರು. ಮುಂದೆ ಎರಡೂ ಪಟ್ಟಿಗಳಿದ್ದವು, ನನ್ನ ಹೆಸರು ಅಗತ್ಯದ ಪಟ್ಟಿಯಲ್ಲೇ ಇತ್ತು. ಅವರು ತಲೆ ಎತ್ತಲಿಲ್ಲ.

"ಆ ಪೆಟ್ಟಿಗೆ ಅಲ್ಲೇ ಇರ್ಲಿ. ನೋಡ್ಕೊಳ್ಳೋಕೆ ಒಬ್ರು ಬೇಕಾಗುತ್ತೆ."

"ಮೇಡಂ, ನಿನ್ನೆ ನೀವೇ ನೋಡಿದ್ರಿ. ಏನೂ ಆಗ್ಲಿಲ್ಲ."

"ನೋಡ್ದೆ." ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಸಂಜೆ ನಮ್ಮನೇಲಿ ನಲ್ಲಿ ಸ್ವಲ್ಪ ಸಣ್ಣಗೆ ಬಂತು ಅನ್ನಿಸ್ತು."

ಸರಿ ಮೇಡಂ ಎಂದು ಹೊರಗೆ ಬಂದೆ. ನಿಜ ಹೇಳಬೇಕೆಂದರೆ, ನಮ್ಮ ಮನೆಯಲ್ಲೂ ಹಾಗೇ ಅನ್ನಿಸಿತ್ತು.